ಸದ್ದಿಲ್ಲದೆ ಸಾವಿರ ಸಲ

ಇಸ್ತ್ರಿಯಮ್ಮ ಒಂದು ಕಣ್ಣನ್ನು ಮಾತ್ರ ಬಿಳಿ ಅಂಗಿಯ ಕಾಲರಿಗೆ ಕೊಟ್ಟಿದ್ದಳು. ಇನ್ನೊಂದು ಕಣ್ಣು ಮೇಜಿನ ಕೆಳಗೆ ಅರ್ಧ ತೆರೆದಿದ್ದ ಡ್ರಾಯರಿನ ಒಳಗಿತ್ತು. ಅಲ್ಲಿ ಮೂರು ಫೋನುಗಳು ಸಾಲಾಗಿ ಮಲಗಿದ್ದವು: ಅವಳದೊಂದು, ತೀರಿಕೊಂಡ ಗಂಡನದೊಂದು, ಗಾಜು ಒಡೆಯಿತೆಂದು ಮಗಳು ಮೂಲೆಗೆ ಹಾಕಿದ್ದು ಮತ್ತೊಂದು. ಮೂರರಲ್ಲೂ ಮಗಳ ಹಾಡು ಓಡುತ್ತಿತ್ತು. ಮೂರಕ್ಕೂ ಸದ್ದಿರಲಿಲ್ಲ. ಹಾಡು ಓಡಿದ ಲೆಕ್ಕ ಒಂಬೈನೂರ ಎಂಬತ್ತಾರಕ್ಕೆ ಬಂದು ನಿಂತಿತ್ತು. ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಅವಳು ಇಸ್ತ್ರಿಪೆಟ್ಟಿಗೆ ಎತ್ತಿದ್ದು. ಸದ್ಯ, ಕಲೆ ಬಿದ್ದಿರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಕರವಸ್ತ್ರವನ್ನೂ ಸುಟ್ಟವಳಲ್ಲ ಅವಳು.

ಮಗಳು ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುತ್ತಿದ್ದಳು. ಎರಡು ವರ್ಷದ ಉಳಿತಾಯ ಸುರಿದು, ತಾನೇ ಬರೆದ ಹಾಡೊಂದನ್ನು ಸ್ಟುಡಿಯೋದಲ್ಲಿ ಹಾಡಿ, ಜನ ಫೋನಿನಲ್ಲಿ ಹಾಡು ಕೇಳುವ ಕಂಪನಿಯೊಂದರ ಮಡಿಲಿಗೆ ಹಾಕಿದ್ದಳು. ವರ್ಷದೊಳಗೆ ಹಾಡು ಸಾವಿರ ಸಲ ಓಡಿದರೆ ದುಡ್ಡು, ಒಂದು ಕಡಿಮೆಯಾದರೂ ಚಿಕ್ಕಾಸಿಲ್ಲ ಎಂಬುದು ಆ ಕಂಪನಿಯ ಕಟ್ಟಳೆ. ಸ್ಟುಡಿಯೋದವನೂ ಅದನ್ನೇ ಹಿಡಿದುಕೊಂಡಿದ್ದ. ಮೊದಲ ಹಾಡು ಸಾವಿರ ದಾಟಲಿ, ಎರಡನೆಯದಕ್ಕೆ ಮುಂಗಡ ಕೇಳುವುದಿಲ್ಲ ಎಂದಿದ್ದ. ಎರಡನೆಯ ಹಾಡು ಮಗಳ ನೋಟುಪುಸ್ತಕದಲ್ಲಿ ಸಿದ್ಧವಾಗಿ ಕಾದು ಕೂತಿತ್ತು. ವರ್ಷ ತುಂಬಲು ಒಂದು ವಾರವಿದ್ದಾಗ ಲೆಕ್ಕ ನೂರ ಮೂವತ್ತೊಂದರಲ್ಲೇ ನಿಂತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆದರೆ ಈ ಹೆಗ್ಗಣ ನಿಜಕ್ಕೂ ಚೆನ್ನಾಗಿ ಹಾಡುತ್ತಿತ್ತು.

ತಾನು ತಿಂಗಳಾ ತಿಂಗಳಾ ಕಟ್ಟುವ ಚಂದಾ ಮಗಳಿಗೇ ಸೇರುತ್ತದೆಂದು ಇಸ್ತ್ರಿಯಮ್ಮ ಬಹಳ ದಿನ ನಂಬಿದ್ದಳು. ಅವಳು ಕೇಳುತ್ತಿದ್ದುದು ಅದೊಂದೇ ಹಾಡು ತಾನೆ? ಹಾಗಲ್ಲ ಎಂದು ಮಗಳು ಬಿಡಿಸಿ ಹೇಳಿದ್ದಳು: ಎಲ್ಲರ ದುಡ್ಡೂ ಒಂದೇ ಹಂಡೆಗೆ ಬೀಳುತ್ತದೆ, ಲೋಕದಲ್ಲಿ ಯಾರ ಹಾಡು ಹೆಚ್ಚು ಓಡುತ್ತದೋ ಅವರಿಗೆ ದೊಡ್ಡ ಸೌಟಿನಲ್ಲಿ ಬಡಿಸುತ್ತಾರೆ.

"ಅಂದ್ರೆ ಅಂಗಿ ಇಸ್ತ್ರಿ ಮಾಡಿದ್ದು ನಾನು, ಕೂಲಿ ಮಾತ್ರ ಊರಲ್ಲಿ ಯಾರ ಅಂಗಡಿ ದೊಡ್ಡದೋ ಅವರಿಗಾ?"

"ಹೂಂ. ಸಾವಿರ ಸಲ ಓಡಿದ್ರೂ ನನಗೆ ಬರೋದು ನಿನ್ನ ಎರಡು ಅಂಗಿ ಇಸ್ತ್ರಿಯ ದುಡ್ಡು ಅಷ್ಟೆ," ಎಂದು ಮಗಳು ನಕ್ಕಿದ್ದಳು. ತಾಯಿಗೆ ನಗು ಬಂದಿರಲಿಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಸುರಿಯುತ್ತಿದ್ದೇನೆಂದು ಗೊತ್ತಾದ ಮೇಲೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಅಂಗಡಿ ತೆರೆದ ಕೂಡಲೇ ತನ್ನ ಫೋನಿನಲ್ಲಿ ಹಾಡು ಹಚ್ಚಿದಳು. ಮುಗಿದರೆ ತಾನೇ ಮೊದಲಾಗುವಂತೆ ಮಾಡಿ, ನೀರು ಚಿಮುಕಿಸುತ್ತಾ, ಮಡಿಕೆ ಹಾಕುತ್ತಾ ಎರಡು ದಿನ ಕೇಳಿದಳು. ಮೂರನೆಯ ದಿನ ಮೇಲಿನ ಮನೆಯ ಗಣಿತದ ಮೇಷ್ಟ್ರು ಕೆಂಪು ಪೆನ್ನು ಹಿಡಿದುಕೊಂಡೇ ಇಳಿದು ಬಂದರು. ನೆಲ ತೂರಿಕೊಂಡು ಬರುತ್ತಿದ್ದ ಹಾಡಿನಿಂದಾಗಿ ಉತ್ತರಪತ್ರಿಕೆಯ ಅಂಕ ಕೂಡುವುದು ತಪ್ಪುತ್ತಿದೆ ಎಂಬುದು ಅವರ ದೂರು. "ದಿನಾ ಅದೇ ಹಾಡಾ ಅಮ್ಮ? ತಲೆ ಕೆಟ್ಟು ಹೋಯ್ತು," ಎಂದರು. ಅವಳು ಸದ್ದು ಪೂರ್ತಿ ಇಳಿಸಿದಳು. ಸದ್ದಿಲ್ಲದ ಮೇಲೆ ಒಂದೇನು, ಮೂರೇನು ಎಂದು ಇನ್ನೆರಡು ಫೋನುಗಳನ್ನೂ ತಂದು ಜೊತೆಗಿಟ್ಟಳು. ಇದು ಮೋಸವೆಂದು ಅವಳಿಗೆ ಹೊಳೆಯಲೇ ಇಲ್ಲ. ಗಿರಾಕಿಗಳ ಕಿಸೆಯಲ್ಲಿ ಸಿಕ್ಕಿದ ಚಿಲ್ಲರೆ, ಗುಂಡಿ, ಬೀಗದಕೈಗಳನ್ನು ಟೋಕನ್ ನಂಬರು ಬರೆದು ತಗಡಿನ ಡಬ್ಬಿಯಲ್ಲಿಟ್ಟು ಮರಳಿಸುತ್ತಿದ್ದವಳು ಅವಳು. ಒಮ್ಮೆ ಚಿನ್ನದ ಉಂಗುರವನ್ನೇ ಕೊಟ್ಟಿದ್ದಳು. ಡಬ್ಬಿ ಈಗಲೂ ಆ ಡ್ರಾಯರಿನಲ್ಲೇ ಇತ್ತು, ಫೋನುಗಳ ಪಕ್ಕಕ್ಕೆ.

ನಾಲ್ಕನೆಯ ದಿನ ಸಂಜೆ ಮಗಳು ಓಡೋಡಿ ಬಂದು ಸಾವಿರದ ಹನ್ನೆರಡು ಎಂದಾಗ ಇಸ್ತ್ರಿಯಮ್ಮ ಮೊಣಕಾಲಿನಿಂದ ಡ್ರಾಯರು ಮುಚ್ಚಿದಳು. ಯಾರು ಕೇಳುತ್ತಿದ್ದಾರೋ, ಎಲ್ಲೆಲ್ಲಿ ಕೇಳುತ್ತಿದ್ದಾರೋ ಎಂದು ಮಗಳು ಒಂದೇ ಸಮನೆ ಆಡಿದಳು. ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡವರನ್ನು ಕಂಡರೆ ಇವರಿರಬಹುದೇ ಅನಿಸುತ್ತದಂತೆ. ಸ್ಟುಡಿಯೋದವನು ಎರಡನೆಯ ಹಾಡಿಗೆ ದಿನ ಕೊಟ್ಟ. ಮಗಳು ಪೊರಕೆ ಹಿಡಿದರೂ ಹಾಡು, ಪಾತ್ರೆ ತೊಳೆದರೂ ಹಾಡು. ಅವಳು ಹೀಗೆ ಹಾರಾಡಿದ್ದನ್ನು ನೋಡಿ ವರ್ಷಗಳೇ ಆಗಿದ್ದವು. ತಾಯಿಗೆ ಸಂತೋಷವಾಯಿತು, ಆದರೆ ರುಚಿಸಲಿಲ್ಲ.

ಹದಿನೈದು ದಿನ ಕಳೆದಿತ್ತು. ನಡುಮಧ್ಯಾಹ್ನ ಮಗಳು ಶಾಲೆ ಬಿಟ್ಟು ನೇರ ಅಂಗಡಿಗೆ ಬಂದಳು. ಕಂಪನಿಯವರು ಹಾಡನ್ನು ತೆಗೆದುಹಾಕಿದ್ದಾರಂತೆ. ದಂಡ ಬೇರೆ ಕಟ್ಟಬೇಕಂತೆ. ಸುದ್ದಿ ತಿಳಿದ ಸ್ಟುಡಿಯೋದವನು ಕೊಟ್ಟ ದಿನ ವಾಪಸು ಪಡೆದಿದ್ದ. ಯಾರೋ ಹೊಟ್ಟೆಕಿಚ್ಚಿಗೆ ಮಾಡಿಸಿದ್ದಾರೆಂದು ಅವಳು ಸಹೋದ್ಯೋಗಿಗಳ ಮೇಲೆಲ್ಲ ಅನುಮಾನ ಪಟ್ಟಳು.

"ಕಳ್ಳ ಕೇಳುಗರಂತೆ ಅಮ್ಮ. ಮನುಷ್ಯರಲ್ಲ, ಯಂತ್ರ ಅಂತ ಬರೆದಿದ್ದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಸ್ತ್ರಿಯಮ್ಮನ ಕೈ ತಾನಾಗಿ ಡ್ರಾಯರಿನ ಹಿಡಿಗೆ ಹೋಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮಗಳು ನಾಳೆ ಶಾಲೆಗೆ ಹೋಗಿ ಯಾರ ಮುಖ ನೋಡಿ ಏನು ಅಂದುಬಿಡುತ್ತಾಳೋ.

"ಯಂತ್ರ ಅಲ್ಲ, ನಾನು," ಎಂದು ಡ್ರಾಯರು ಎಳೆದಳು.

ಮಗಳು ಮೂರು ಫೋನುಗಳನ್ನೂ ಒಂದೊಂದಾಗಿ ಎತ್ತಿ ನೋಡಿದಳು. ಎಷ್ಟು ಸಲ ಎಂದು ಕೇಳಿದಳು. ಎಂಟುನೂರ ಚಿಲ್ಲರೆ ಎಂದು ತಾಯಿ ಹೇಳಿದಳು.

"ದುಡ್ಡು ಹಾಳಾಗ್ಲಿ. ಅಷ್ಟು ಜನ ನನ್ನ ಕೇಳಿದ್ರು ಅಂದ್ಕೊಂಡಿದ್ನಲ್ಲ."

"ನಾನು ಕೇಳಿದ್ದು ಲೆಕ್ಕಕ್ಕಿಲ್ವಾ?"

"ಸದ್ದು ಮುಚ್ಚಿಟ್ಟು ಕೇಳ್ತಾರಾ ಯಾರಾದ್ರೂ?"

ಉಂಗುರ ಮರಳಿಸಿದವಳು ಸ್ವಂತ ಮಗಳ ಕಿಸೆಗೇ ಕೈ ಹಾಕಿದಂತಾಗಿತ್ತು, ಕದ್ದದ್ದು ಯಾವ ಡಬ್ಬಿಯಲ್ಲಿಟ್ಟು ಮರಳಿಸುವಂಥದ್ದೂ ಅಲ್ಲ. ಏನಾದರೂ ಮಾಡದೆ ಇರಲಾರದೆ ಇಸ್ತ್ರಿಯಮ್ಮ ಒಂದು ಪ್ಯಾಂಟು ಎಳೆದುಕೊಂಡು ಉಜ್ಜತೊಡಗಿದಳು. ಮಗಳು ಹೊರಟು ಹೋಗಲಿಲ್ಲ. ಗೋಡೆಯುದ್ದಕ್ಕೂ ತೂಗುಹಾಕಿದ್ದ ಬಟ್ಟೆಗಳ ಹಿಂದೆ ಹೋಗಿ, ಮೊದಲೇ ಮಡಿಸಿಟ್ಟಿದ್ದ ಹೊದಿಕೆಗಳನ್ನು ಬಿಚ್ಚಿ ಮತ್ತೆ ಮಡಿಸತೊಡಗಿದಳು.

ಮೇಷ್ಟ್ರು ಬಂದದ್ದು ಆಗಲೇ. ಕೈಯಲ್ಲಿ ಟೋಕನ್ ಇರಲಿಲ್ಲ. ಅಂಗಿಯ ಕಿಸೆ, ಪ್ಯಾಂಟಿನ ಕಿಸೆ, ಚೀಲ ಎಂದು ತಡಕಾಡುತ್ತಾ ನಿಂತರು. ತಡಕಾಡುವವರಿಗೆ ಇರುವ ಅಭ್ಯಾಸದಂತೆ ಬಾಯಲ್ಲಿ ಏನೋ ಗುನುಗುತ್ತಿದ್ದರು. ಮೊದಮೊದಲು ಇಸ್ತ್ರಿಯಮ್ಮನ ಗಮನ ಅತ್ತ ಹೋಗಲಿಲ್ಲ. ಆಮೇಲೆ ಅವಳ ಕೈ ನಿಂತಿತು. ಹೊದಿಕೆ ಕೊಡವುವ ಸದ್ದೂ ನಿಂತಿತು.

ಮೇಷ್ಟ್ರಿಗೆ ಮೊದಲ ಸಾಲು ಪೂರ್ತಿ ಬರುತ್ತಿತ್ತು. ಎರಡನೆಯ ಸಾಲಿನಲ್ಲಿ ದನಿ ಮೇಲೇರಬೇಕಾದ ಕಡೆ ದಾರಿ ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದರು, ಮತ್ತೆ ಅಲ್ಲೇ ತಡವರಿಸಿದರು.

"ಅದೇನಮ್ಮ ಅದು ಮುಂದಕ್ಕೆ? ನೀವು ನಿಲ್ಲಿಸಿದ ಮೇಲೆ ನೆನಪಿಗೇ ಬರ್ತಿಲ್ಲ," ಎಂದು ಕೇಳಿ, ಉತ್ತರಕ್ಕೂ ಕಾಯದೆ ಚೀಲದೊಳಗೆ ತಲೆ ಹಾಕಿದರು.

ತೂಗುಹಾಕಿದ ಅಂಗಿಗಳ ಸಂದಿಯಲ್ಲಿ ಮಗಳ ತುಟಿ ಅಲುಗಿದಂತೆ ಕಂಡಿತು. ದನಿ ಹೊರಟಿತೋ ಇಲ್ಲವೋ ತಿಳಿಯಲಿಲ್ಲ, ಒದ್ದೆ ಬಟ್ಟೆಯ ಮೇಲೆ ಪೆಟ್ಟಿಗೆ ಚುಸ್ಸೆನ್ನುತ್ತಿತ್ತು. ಇಸ್ತ್ರಿಯಮ್ಮ ಅದನ್ನು ಎತ್ತಿ ನಿಲ್ಲಿಸಿ, ಕೈಚಾಚಿ ಗೋಡೆಯ ಮೇಲಿನ ಅದರ ಸ್ವಿಚ್ಚು ಆರಿಸಿದಳು.