ಶಿವಕುಮಾರಿ ಬೆರಳೆತ್ತಿದ ಮುಹೂರ್ತ

ತಂಗಿಯ ಮದುವೆಗೆ ಮಗಳನ್ನು ಕರೆದುಕೊಂಡೇ ಹೋಗುತ್ತೇನೆಂದು ಕಮಲಮ್ಮ ಹಟ ಹಿಡಿದಾಗ, ಶ್ರೀರಾಂಪುರದ ಆ ವಠಾರದಲ್ಲಿ ಬೇಡವೆನ್ನದವರೇ ಇರಲಿಲ್ಲ. ಐದು ವರ್ಷದ ಶಿವಕುಮಾರಿಗೆ ಸದ್ದು ಆಗದು. ಪಟಾಕಿ, ಬಸ್ಸಿನ ಹಾರನ್, ತಟ್ಟೆ ಬಿದ್ದ ಶಬ್ದ, ಯಾವುದಾದರೂ ಸರಿ, ನೆಲದ ಮೇಲೆ ಹೊರಳಾಡಿ ಉಸಿರುಕಟ್ಟುವ ಹಾಗೆ ಕಿರುಚುತ್ತಿದ್ದಳು. ಮೂರು ವರ್ಷಗಳಿಂದ ಕಮಲಮ್ಮ ಮದುವೆಗಳನ್ನೆಲ್ಲ ನೋಡಿದ್ದು ಛತ್ರದ ಹೊರಗಿನ ಮೆಟ್ಟಿಲ ಮೇಲೆ ಕೂತು.

"ನನ್ ಕುತ್ಗೆಗೆ ತಾಳಿ ಬೀಳೋವಾಗ ನೀನು ಎದುರಿಗಿರ್ಬೇಕು ಅಕ್ಕ" ಎಂದು ತಂಗಿ ಸರಸ್ವತಿ ಆಣೆ ಮಾಡಿಸಿಕೊಂಡಿದ್ದಳು. ಇವರ ತಾಯಿ ಮಾರಕ್ಕನದು ಬೇರೆಯೇ ರಾಗ. "ಮಗೂನ ಪಕ್ಕದ್ಮನೇಲಿ ಬಿಟ್ಬಾರೇ. ಮುಹೂರ್ತದಲ್ಲಿ ಕಿರ್ಚಿದ್ರೆ ಗಂಡಿನ್ಕಡೆಯೋರು ಏನಂತಾರೆ?"

ಆದರೆ ಕಮಲಮ್ಮನ ಹತ್ತಿರ ಒಂದು ಗುಟ್ಟಿತ್ತು. ಬೇರೆಯವರು ತಟ್ಟೆ ಬೀಳಿಸಿದರೆ ರಂಪ ಮಾಡುವ ಈ ಹುಡುಗಿ, ತಾನೇ ತಟ್ಟೆ ಬಡಿಯುವಾಗ ಮಾತ್ರ ವಠಾರದವರೆಲ್ಲ ಓಡಿ ಬರುವಂತೆ ಬಡಿದು ಕೇಕೆ ಹಾಕುತ್ತಿದ್ದಳು. ಅಂದರೆ ಇವಳಿಗೆ ಆಗದಿರುವುದು ಸದ್ದಲ್ಲ, ಹೇಳದೆ ಕೇಳದೆ ನುಗ್ಗುವ ಸದ್ದು! ಇದು ಹೊಳೆದ ದಿನ ಕಮಲಮ್ಮ ಒಲೆಯ ಮೇಲಿನ ಹಾಲು ಮರೆತು ಕುಣಿದಿದ್ದಳು. ಆಮೇಲೆ ತಿಂಗಳಿಡೀ ಮನೆಯಲ್ಲಿ ತಾಲೀಮು. ಮಗಳು ಬೆರಳೆತ್ತಿದರೆ ತಾಯಿ ತಟ್ಟೆ ಬಡಿಯಬೇಕು, ಇಳಿಸಿದರೆ ನಿಲ್ಲಿಸಬೇಕು.

ಅದು ಎಪ್ಪತ್ತೆಂಟನೇ ಇಸವಿಯ ಬೇಸಿಗೆ. ಮದುವೆಯ ಬೆಳಿಗ್ಗೆ ಚಾಮರಾಜಪೇಟೆಯ ಛತ್ರಕ್ಕೆ ಎಲ್ಲರಿಗಿಂತ ಮೊದಲು ಮಗಳೊಂದಿಗೆ ಬಂದ ಕಮಲಮ್ಮ ನೇರವಾಗಿ ಡೋಲಿನ ಆಂಜಿನಯ್ಯನನ್ನು ಹಿಡಿದಳು.

"ಗಟ್ಟಿಮೇಳಕ್ಕೆ ಐನೋರು ಬೆರಳಾಡಿಸ್ತಾರಲ್ಲ, ಅದನ್ನ ನೋಡಿ ನನ್ ಮಗಳು ಬೆರಳೆತ್ತಾಳೆ. ನೀವು ಅವಳನ್ನ ನೋಡ್ಕೊಂಡು ಬಾರಿಸಿ."

"ಏನ್ ತಾಯಿ, ಮೇಳ ಇಲ್ದೆ ತಾಳಿ ಕಟ್ಟಿಬಿಟ್ರೆ ನನ್ನ ಇನ್ಯಾರಾದ್ರೂ ಕರೀತಾರಾ?"

ಹೊಲಿಗೆ ಚುಚ್ಚುತ್ತದೆಂದು ಫ್ರಾಕನ್ನು ಒಳಮೈ ಹೊರಗಾಗಿ ತೊಟ್ಟಿದ್ದ ಹುಡುಗಿ ಡೋಲನ್ನೇ ದಿಟ್ಟಿಸುತ್ತಿದ್ದಳು. ಮೆಲ್ಲಗೆ ಬೆರಳೆತ್ತಿದಳು. ಆಂಜಿನಯ್ಯ ಒಂದು ಪೆಟ್ಟು ಹಾಕಿದ. ಬೆರಳಿಳಿಸಿದಳು. ನಿಲ್ಲಿಸಿದ. ಅವನಿಗೆ ನಗು ಬಂತು. "ಆಯ್ತು ಬಿಡಮ್ಮ, ಇವತ್ತು ಇವಳೇ ನನ್ ಯಜಮಾನಿ."

ಕಿವಿಗೆ ಹತ್ತಿ ತುರುಕಿಕೊಂಡು ಮುಹೂರ್ತದವರೆಗೂ ಮಗಳು ತಡೆದುಕೊಂಡಳು. ಕಮಲಮ್ಮ ಅವಳ ಪಕ್ಕ ಬಿಟ್ಟು ಕದಲಲಿಲ್ಲ. ಮಾಂಗಲ್ಯದ ತಟ್ಟೆ ಹಿರಿಯರ ಕೈ ಮುಟ್ಟಿ ಇನ್ನೇನು ಮಂಟಪಕ್ಕೆ ಮರಳಬೇಕು, ಅಷ್ಟರಲ್ಲಿ ಪ್ರತಿ ಮದುವೆಯಲ್ಲೂ ಮುಂಚೆಯೇ ಅವಸರಪಡುವ ಸೋದರಮಾವ ರಾಮಾಂಜಿನಪ್ಪ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿಯೇಬಿಟ್ಟ. ಜನರೆಲ್ಲ ಅಕ್ಷತೆ ಎರಚಿದರು. ನಾಲ್ಕು ಕಾಳು ಶಿವಕುಮಾರಿಯ ಫ್ರಾಕಿನೊಳಗೆ ಇಳಿದವು. ಅವಳು ಬೆನ್ನು ಉಜ್ಜಿಕೊಳ್ಳುತ್ತ ಅಳತೊಡಗಿದಳು.

ಅಷ್ಟರಲ್ಲಿ ತಟ್ಟೆ ಮಂಟಪ ಸೇರಿ, ಐನೋರು ನಿಜಕ್ಕೂ ಬೆರಳಾಡಿಸಿದರು. ಗಂಡು ತಾಳಿ ಎತ್ತಿ ಹಿಡಿದ. ಮೇಳವಿಲ್ಲ. ಆಂಜಿನಯ್ಯನ ಕೋಲು ಗಾಳಿಯಲ್ಲಿ, ಕಣ್ಣು ಹುಡುಗಿಯ ಮೇಲೆ.

"ಬಾರ್ಸಯ್ಯಾ!" ಎಂದು ಮಾರಕ್ಕ ಚೀರಿದಳು. ಅವನು ಅಲ್ಲಾಡಲಿಲ್ಲ.

ಕಮಲಮ್ಮ ಮಗಳ ಮುಂದೆ ಕುಕ್ಕರಿಸಿ, ಬೆನ್ನಿನ ಕಾಳು ಕೊಡವಿ, ಬಿಗಿಯಾಗಿ ಅಪ್ಪಿಕೊಂಡಳು. "ನೀನು ಹೇಳೋವರ್ಗೂ ಬರಲ್ಲ ಪುಟ್ಟಾ. ನೋಡು, ಎಲ್ರೂ ನಿನಗೇ ಕಾಯ್ತಿದಾರೆ."

ಹುಡುಗಿ ಎರಡು ಸಲ ಬಿಕ್ಕಿದಳು. ಕಣ್ಣೀರು ಒರೆಸಿಕೊಳ್ಳದೆ ಬೆರಳೆತ್ತಿದಳು.

ಅಬ್ಬಾ, ಅದೆಂಥ ಗಟ್ಟಿಮೇಳ! ಛತ್ರದ ಕಿಟಕಿಗಳೆಲ್ಲ ಅದುರಿದವು. ಶಿವಕುಮಾರಿ ಕಿವಿ ಮುಚ್ಚಲಿಲ್ಲ. ಬಾಯಿ ತೆರೆದು, ತುದಿಗಾಲಲ್ಲಿ ಕುಣಿಯುತ್ತ, ಬೆರಳನ್ನು ಇನ್ನೂ ಮೇಲಕ್ಕೆ ಚಾಚಿದಳು. ಮೂರು ಗಂಟು ಬಿದ್ದವು, ಐನೋರು ಸಾಕೆಂದು ಕೈ ಮಾಡಿದರು. ಬೆರಳಿಳಿಯಲಿಲ್ಲ. ಆಂಜಿನಯ್ಯ ಬೆವರು ಸುರಿಸಿಕೊಂಡು ನಗುತ್ತ ಬಾರಿಸುತ್ತಲೇ ಇದ್ದ.

ಊಟದ ಹೊತ್ತಿಗೆ ಮಾರಕ್ಕ ಗಂಡಿನ ಕಡೆಯವರ ಪಂಕ್ತಿಯಲ್ಲೆಲ್ಲ, "ನನ್ ಮೊಮ್ಮಗಳು ಅಪ್ಪಣೆ ಕೊಟ್ಮೇಲೇ ತಾಳಿ ಬಿದ್ದಿದ್ದು" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಸರಸ್ವತಿ ಓಡಿ ಬಂದು ಅಕ್ಕನ ಕೈ ಹಿಡಿದಳು.

"ಕಟ್ಟೋವಾಗ ನೋಡಿದ್ಯಾ ಅಕ್ಕ?"

ಕಮಲಮ್ಮನಿಗೆ ಆಗಲೇ ಗೊತ್ತಾದದ್ದು. ಅಷ್ಟು ಹೊತ್ತೂ ಅವಳು ಮಂಟಪಕ್ಕೆ ಬೆನ್ನು ಹಾಕಿ ಮಗಳ ಮುಖವನ್ನೇ ನೋಡುತ್ತಿದ್ದಳು.

"ನೋಡ್ದೆ ಕಣೇ" ಎಂದಳು. "ಕಣ್ತುಂಬ ನೋಡ್ದೆ."