ಪಟ್ಟಿಯಲ್ಲಿಲ್ಲದ ಹೆಸರು

2008ರಲ್ಲಿ ಆಸ್ಟ್ರೇಲಿಯಾದ ಡ್ಯಾಂಡಿನಾಂಗ್‌ನ ಕಾರ್ ಸೀಟಿನ ಫ್ಯಾಕ್ಟರಿ ಥಾಯ್ಲೆಂಡಿಗೆ ಹೊರಟಾಗ ಅರವತ್ತು ಮಂದಿಯನ್ನು ಕೆಲಸದಿಂದ ತೆಗೆದರು. ಆ ಪಟ್ಟಿಯಲ್ಲಿ ನನ್ನ ಗಂಡ ಲಯನೆಲ್‌ನ ಹೆಸರಿರಲಿಲ್ಲ. ಯಂತ್ರಗಳನ್ನು ಬಿಚ್ಚಿ ಹಡಗಿಗೆ ಕಟ್ಟಿಕೊಡಲು ಅವನೇ ಬೇಕಿತ್ತು. ಪೆದ್ದಿ ನಾನು, ಇಗರ್ಜಿಯಲ್ಲಿ ಕೃತಜ್ಞತೆಯ ಪೂಜೆ ಇಡಿಸಿದೆ.

ತಿಂಗಳೊಳಗೆ ಸರಕಾರದ ನೆರವು ಬಂತು. ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬಿನ ತರಬೇತಿ, ಆಮೇಲೆ ಬೇರೆ ಕೆಲಸ. ಆದರೆ ಜೂನ್ ಮೂವತ್ತರೊಳಗೆ ಫ್ಯಾಕ್ಟರಿಯವರೇ ಕೆಲಸದಿಂದ ತೆಗೆದಿರಬೇಕು. ಲಯನೆಲ್‌ನ ಕೊನೆಯ ಯಂತ್ರ ಹೊರಡುವುದು ಆಗಸ್ಟಿನಲ್ಲಿ. ಅಂದೇ ಅವನ ಕೆಲಸಕ್ಕೂ ಕೊನೆ.

“ಇವತ್ತೇ ರಿಸೈನ್ ಮಾಡು,” ಎಂದೆ.

“ನಾವಾಗಿ ಬಿಟ್ರೆ ಸಿಗುದಿಲ್ಲ ಮಾರಾಯ್ತಿ. ಅವರೇ ತೆಗೀಬೇಕು.”

ಹದಿನೆಂಟು ವರ್ಷ ಒಂದು ದಿನವೂ ತಡಮಾಡದ ಮನುಷ್ಯ, ಮ್ಯಾನೇಜರನ ಮುಂದೆ ನಿಂತು ತನ್ನನ್ನು ತೆಗೆದುಹಾಕಿ ಎಂದು ಬೇಡಿದ. ಆತ ಬೆನ್ನು ತಟ್ಟಿ, ನಿನ್ನಂಥವನನ್ನು ತೆಗೆಯಲು ನನಗೇನು ಹುಚ್ಚೇ ಎಂದನಂತೆ.

ಜೂನ್ ಇಪ್ಪತ್ತೊಂಬತ್ತು, ಭಾನುವಾರ. ಮತ್ತೆ ಪೂಜೆ ಇಡಿಸಲು ಹೋದೆ. ಫಾದರ್ ಪುಸ್ತಕ ತೆರೆದರು.

“ಈ ಸಲ ಯಾವುದಕ್ಕೆ ಅಂತ ಬರೀಲಿ, ರೊವೀನಾ?”

“ಗಂಡನ ಕೆಲಸ ನಾಳೆಯೇ ಹೋಗ್ಲಿ ಅಂತ ಬರೀರಿ.”

ಫಾದರ್ ನನ್ನ ಮುಖ ನೋಡಿ, ಪೆನ್ನಿಗೆ ಮುಚ್ಚಳ ಹಾಕಿದರು.