ಯಾವುದೂ ತನ್ನದಲ್ಲದ ಒಸೋಮಾ

ಒಸೋಮಾ ತನ್ನ ಹೊಸ ಬಟ್ಟೆಗೆ ತಾನೇ ತೇಪೆ ಹಾಕಿಕೊಳ್ಳುತ್ತಿದ್ದ. ಹರಿಯದ ಜಾಗದಲ್ಲಿ, ನೋಡುವವರ ಕಣ್ಣಿಗೆ ಮೊದಲು ಬೀಳುವ ಎಡಭುಜದ ಮೇಲೆ, ಬಣ್ಣಗೆಟ್ಟ ಚೂರೊಂದನ್ನು ಒರಟಾಗಿ ಹೊಲಿದು, ಕತ್ತಾಳೆ ನಾರಿನ ಆ ಹೊದಿಕೆಯನ್ನು ಒಮ್ಮೆ ಕಾಲುವೆಯ ಕೆಸರಿಗೆ ತಾಗಿಸಿ, ಆಮೇಲೆಯೇ ಬೀದಿಗೆ ಬರುತ್ತಿದ್ದ. ತ್ಲತೆಲೊಲ್ಕೊ ಪಟ್ಟಣದ ವರ್ತಕರ ಕೇರಿಯಲ್ಲಿ ನಾವು ಯಾರೂ ಮೆರೆಯುವವರಲ್ಲ. ಸಿರಿ ಬಂದವನು ತಲೆ ತಗ್ಗಿಸಿ ನಡೆಯಬೇಕೆಂಬುದು ನಮಗೆ ತಾಯಿಹಾಲಿನೊಂದಿಗೇ ಬಂದ ಬುದ್ಧಿ. ಆದರೆ ತಗ್ಗಿದ ತಲೆಯನ್ನು ಮತ್ತೂ ತಗ್ಗಿಸಿ, ಗೋಡೆಗೆ ಅಂಟಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ನೋಡುತ್ತ ಓರೆಯಾಗಿ ಸಾಗುವ ಒಸೋಮಾನನ್ನು ಕಂಡರೆ, ಏನೂ ಕದಿಯದ ಆ ಮನುಷ್ಯನನ್ನು ನಿಲ್ಲಿಸಿ ವಿಚಾರಿಸಬೇಕೆನಿಸುತ್ತಿತ್ತು.

ಮಾತೂ ಹಾಗೆಯೇ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ನಿಂತವನನ್ನು ಮಳೆ ಜೋರೇ ಎಂದು ಕೇಳಿದರೆ, "ಬರ್ತಿದೆ ಅಂತಾರೆ, ನಂಗೊತ್ತಿಲ್ಲ" ಎನ್ನುತ್ತಿದ್ದ. ದಕ್ಷಿಣದಿಂದ ಆಳುಗಳು ಹೊತ್ತು ತಂದ ಹಸಿರು ಗರಿ, ಕೋಕೋ, ಪಚ್ಚೆಕಲ್ಲು ಯಾರದೆಂದರೆ ಮಾವನದು. ಮಾವನೆಲ್ಲಿ ಎಂದರೆ ದೂರದ ಊರಲ್ಲಿ. ನಮ್ಮ ಕಸುಬಿನವರಿಗೆಲ್ಲ ಇಂಥ ಒಬ್ಬ ಮಾವನಿರುತ್ತಾನೆ. ಇದು ನಗುವ ವಿಷಯವಲ್ಲ. ಅರಸುಮಕ್ಕಳಿಗಷ್ಟೇ ಸಲ್ಲುವ, ಕಣಕಾಲು ಮುಟ್ಟುವ ಹತ್ತಿಯ ಹೊದಿಕೆ ಹೊದ್ದು ಹಬ್ಬದಲ್ಲಿ ಮೆರೆದ ಒಸೋಮಾನ ಅಣ್ಣನನ್ನು ಅರಮನೆಯವರು ಏನೋ ನೆಪ ಹೇಳಿ ಕರೆದೊಯ್ದರು. ಅವನು ಮರಳಲಿಲ್ಲ, ಅವನ ಸೊತ್ತೆಲ್ಲ ಸೈನಿಕರ ಮನೆಗಳಿಗೆ ಹಂಚಿಹೋಯಿತು. ಅಂದಿನಿಂದ ಉಪ್ಪಿನವಳು ಒಂದು ಹಿಡಿ ಹೆಚ್ಚು ಹಾಕಿದರೂ ಇವಳನ್ನು ಯಾರು ಕಳಿಸಿದರು ಎಂದು ಅವನು ಯೋಚಿಸುತ್ತಿದ್ದ. ಪಕ್ಕದ ಮನೆಯಿಂದ ಬಿಸಿ ಕಡುಬು ಬಂದರೆ, ತಂದವಳ ಕಣ್ಣು ಒಳಕೋಣೆಯತ್ತ ಹೊರಳಿತೇ ಎಂದು ಗಮನಿಸುತ್ತಿದ್ದ. ಹೆಂಡತಿ ತೀರಿಹೋಗಿದ್ದ ಆ ಮನೆಯಲ್ಲಿ ಅವನು ಅನುಮಾನವಿಲ್ಲದೆ ಉಣ್ಣುತ್ತಿದ್ದುದು ಒಬ್ಬಳೇ ಮಗಳು ಸೆಂತೇವಾ ಸುಟ್ಟ ರೊಟ್ಟಿಯನ್ನು ಮಾತ್ರ.

ಆ ಸೆಂತೇವಾಳನ್ನು ಕೇಳಿಕೊಂಡು ಗರಿ ಕೆಲಸದವರ ಕೇರಿಯಿಂದ ಮುದುಕಿಯರು ಬಂದರು. ಹುಡುಗನನ್ನು ಅವಳು ಸಂತೆಯಲ್ಲಿ ನೋಡಿದ್ದಳು, ಮೆಚ್ಚಿದ್ದಳು. ಮೊದಲ ದಿನವೇ ಯಾರೂ ಒಪ್ಪುವುದಿಲ್ಲ. ಹುಡುಗಿ ದಡ್ಡಿ, ಸೋಮಾರಿ, ನಿಮ್ಮ ಮನೆಗೆ ತಕ್ಕವಳಲ್ಲ ಎಂದು ಹೆತ್ತವರು ಹಳಿಯಬೇಕು, ಮುದುಕಿಯರು ನಗುತ್ತ ಎದ್ದುಹೋಗಿ ಮರುದಿನ ಮತ್ತೆ ಬರಬೇಕು. ಒಸೋಮಾನಿಗೆ ಇದೆಲ್ಲ ತಿಳಿದಿತ್ತು. ಆದರೆ ಅವರ ಮುಂದಾಳು ನೆಕಾವಲ್ ಅಜ್ಜಿ ಮಾತಿನ ನಡುವೆ ತಲೆಯೆತ್ತಿ, ತೊಲೆಗಳು ಗಟ್ಟಿಯಾಗಿವೆಯಲ್ಲ ಎಂದುಬಿಟ್ಟಳು. ಅಷ್ಟೇ ಸಾಕಾಯಿತು. ಅರಮನೆಯವರು ಈ ಮುದುಕಿಯ ಕೈಲಿ ತನ್ನ ಮನೆಯ ಆಳ ಅಳೆಸುತ್ತಿದ್ದಾರೆಂದು ಅವನಿಗೆ ಖಾತ್ರಿಯಾಯಿತು. ನಿನ್ನ ಮಗಳನ್ನು ಕೊಡಪ್ಪ ಎಂದು ಅಜ್ಜಿ ಕೇಳಿದಾಗ, ಜೀವಮಾನವಿಡೀ ಸರಕಿನ ಬಗ್ಗೆ ಆಡಿದ ಮಾತು ತಾನಾಗಿ ಬಾಯಿಗೆ ಬಂತು.

"ಅವಳು ನನ್ನ ಮಗಳಲ್ಲಜ್ಜಿ. ನಮ್ಮ ಮಾವನ ಕಡೆಯೋಳು. ಇಲ್ಲಿ ಬಿಟ್ಟು ಹೋಗಿದಾನೆ, ಅಷ್ಟೆ."

ಒಲೆಯ ಬಳಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಮರುದಿನ ಮುದುಕಿಯರು ಬರಲಿಲ್ಲ. ನಮ್ಮ ಕೇರಿಯವರು ದೂರದಿಂದ ಗರಿಗಳನ್ನಷ್ಟೇ ತರುವುದಿಲ್ಲ. ಹಬ್ಬದ ಬಲಿಗೆಂದು ಮೀಯಿಸಿ ಸಿಂಗರಿಸುವ ಆಳುಗಳನ್ನೂ ಕೊಂಡು ತರುತ್ತೇವೆ, ಅವರಲ್ಲಿ ಹುಡುಗಿಯರೂ ಇರುತ್ತಾರೆ. ಯಾರೋ ಬಿಟ್ಟುಹೋದ ಹುಡುಗಿ ಎಂದರೆ ಜನ ಏನೆಂದುಕೊಳ್ಳುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. ಸೆಂತೇವಾ ಕಾಲುವೆಗೆ ಹೋದರೆ ಹೆಂಗಸರ ಗುಸುಗುಸು ಥಟ್ಟನೆ ನಿಲ್ಲುತ್ತಿತ್ತು. ಹುಡುಗನ ಮನೆಯವರು ಬೇರೆ ಹೆಣ್ಣು ನೋಡುತ್ತಿದ್ದಾರೆಂಬ ಸುದ್ದಿ ಹಬ್ಬಿತು. ಅವಳು ಅಳಲಿಲ್ಲ; ಅಪ್ಪನ ಮುಂದೆ ರೊಟ್ಟಿ ಇಟ್ಟು ಎದ್ದುಹೋಗುತ್ತಿದ್ದಳು. ಒಸೋಮಾ ಆ ರೊಟ್ಟಿಯನ್ನು ನುಂಗಲಾರದೆ ಕೂತಿರುತ್ತಿದ್ದ.

ಕೊನೆಗೆ ಅವನು ಹಾಡಹಗಲೇ, ಬೀದಿಯ ನಟ್ಟನಡುವೆ ನಡೆದು ನೆಕಾವಲ್ ಅಜ್ಜಿಯ ಅಂಗಳದಲ್ಲಿ ನಿಂತ. ಸೆಂತೇವಾ ತನ್ನ ಮಗಳೇ ಎಂದ. ಅಜ್ಜಿ ನಂಬಲಿಲ್ಲ, ಅಂದು ಒಂದು ಹೇಳಿದವನು ಇಂದು ಇನ್ನೊಂದು ಹೇಳಿದರೆ ಯಾವುದನ್ನು ಹಿಡಿಯಲಿ ಎಂದಳು.

"ಅವಳ ಹೊಕ್ಕುಳಬಳ್ಳಿ ನನ್ನ ಒಲೆ ಪಕ್ಕ ಹೂತಿದೀನಿ. ನನ್ನ ಕೈಯಾರೆ. ಬಂದು ಅಗೆದು ನೋಡಿ."

ಹೆಣ್ಣು ಹುಟ್ಟಿದರೆ ಬಳ್ಳಿಯನ್ನು ಒಲೆಯ ಪಕ್ಕ ಹೂಳುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಒಸೋಮಾ ಅದೇ ನೆಲದಲ್ಲಿ ತನ್ನ ಪಚ್ಚೆಕಲ್ಲುಗಳನ್ನೂ ಹೂತಿದ್ದನೆಂಬುದು ಯಾರಿಗೂ ಗೊತ್ತಿರಲಿಲ್ಲ. ಮುದುಕಿಯರು ಅಗೆದಾಗ ಮೊದಲು ಸಿಕ್ಕಿದ್ದು ಕಲ್ಲು ತುಂಬಿದ ಗಡಿಗೆ. ಆಗಲೂ ಒಸೋಮಾ ಅವರ ಅಗೆತವನ್ನು ತಡೆಯಲಿಲ್ಲ. ಅದರ ಕೆಳಗೆ, ಹೆಣ್ಣುಕೂಸಿಗೆಂದು ಇಡುವ ಬೆರಳುದ್ದದ ನೂಲುವ ಕದಿರಿನ ಜೊತೆ, ಪುಟ್ಟ ಕುಡಿಕೆಯೊಂದರಲ್ಲಿ ಒಣಗಿದ ಬಳ್ಳಿ ಸಿಕ್ಕಿತು. ನೆಕಾವಲ್ ಅಜ್ಜಿ ಗಡಿಗೆಯ ಮೇಲೆ ಮಣ್ಣೆಳೆದು, ಕುಡಿಕೆಯನ್ನು ಮಾತ್ರ ಎತ್ತಿ ಎಲ್ಲರಿಗೂ ತೋರಿಸಿದಳು. ಅವಳ ಬಾಯಿ ಭದ್ರವೇ ಎಂದು ನನಗೆ ಇಂದಿಗೂ ಗುಮಾನಿ.

ಮದುವೆ ಗೊತ್ತಾಯಿತು. ಮುದುಕಿಯರು ಹೋದ ಮೇಲೆ ಸೆಂತೇವಾ ನೆಲವನ್ನು ಮತ್ತೆ ಸಾರಿಸಿ ಸಮ ಮಾಡಿದಳು, ಆಮೇಲೆ ಮುಖವೆತ್ತದೆ ಕೇಳಿದಳು:

"ಅದು ಮಣ್ಣಾಗಿ ಹೋಗಿದ್ದಿದ್ರೆ ನಾನು ಯಾರ ಮಗಳಪ್ಪ?"

ಒಸೋಮಾ ಅವಳ ತಲೆ ಸವರಲೆಂದು ಕೈ ಚಾಚಿದ; ಅವಳು ಪೊರಕೆ ತರುವ ನೆಪದಲ್ಲಿ ಸರಿದುಕೊಂಡಳು.

ಇಂಥವರದು ತಪ್ಪೆನ್ನಲು ನನ್ನಿಂದಾಗದು. ಅರಮನೆಯ ನೆರಳಿನಲ್ಲಿ ಬದುಕುವವರು ಅಲ್ಲ, ಇಲ್ಲ, ಗೊತ್ತಿಲ್ಲ ಎಂದೇ ತಲೆ ಉಳಿಸಿಕೊಳ್ಳಬೇಕು, ಅವರ ಶಂಕೆ ಬಹುಪಾಲು ನಿಜವೇ ಆಗುತ್ತದೆ. ಆದರೆ ತನ್ನದನ್ನೆಲ್ಲ ತನ್ನದಲ್ಲವೆಂದು ಹೇಳಿ ಕಾಪಾಡಿಕೊಂಡ ಬಾಯಿ ಒಂದು ದಿನ ಪ್ರೀತಿಯಿಂದಲೇ ನನ್ನದು ಎನ್ನುತ್ತದೆ. ಆಗ ಸಾಕ್ಷಿ ಕೇಳುವವರು ಅರಮನೆಯವರಲ್ಲ, ಮನೆಯವರು.